ದುರಸ್ತಿಯ ಆಜ್ಞಾಪಟ್ಟಿಗಳು: ಯೂನಿಕ್ಸ್-ಲಿನಕ್ಸ್ ಪರಂಪರೆಯಲ್ಲಿ ಯಂತ್ರಕ್ಕೆ ಒಪ್ಪಿಸಿದ ಕೆಲಸ, ಮನುಷ್ಯನಿಗೆ ಉಳಿಸಿದ ಕೆಲಸ

೧

ರಾಜವಂಶಗಳ ಏಳುಬೀಳುಗಳನ್ನೂ ಶಾಸನಗಳ ಪಾಠಗಳನ್ನೂ ವಿವೇಚಿಸುವುದು ವಾಡಿಕೆಯಾಗಿರುವ ಈ ಪತ್ರಿಕೆಯಲ್ಲಿ ಗಣಕಯಂತ್ರದ ದುರಸ್ತಿಯ ವಿಷಯಕ್ಕೆ ಎಡೆಯೇನು ಎಂಬ ಸಂದೇಹ ಓದುಗರಿಗೆ ತೋರಬಹುದು. ಆದರೆ ಚರಿತ್ರೆಯ ಆಕರಗಳಲ್ಲಿ ಒಂದು ದೊಡ್ಡ ಪಾಲು ಇಂದು ಗಣಕದ ಡಿಸ್ಕುಗಳಲ್ಲಿ ನೆಲೆಸಿದೆ. ಶಾಸನಗಳ ಛಾಯಾಚಿತ್ರಗಳು, ಓಲೆಗರಿಗಳ ಪ್ರತಿಗಳು, ಕಚೇರಿಗಳ ದಾಖಲೆಗಳು ಎಲ್ಲವೂ ಅಲ್ಲಿ ಸೇರಿವೆ. ಆ ಡಿಸ್ಕು ಕೆಟ್ಟಾಗ ಅದನ್ನು ಸರಿಪಡಿಸುವ ಕ್ರಮ ಯಾವುದು, ಆ ಕ್ರಮವನ್ನು ಯಾರು ನಿಶ್ಚಯಿಸಿದರು, ಎಷ್ಟರಮಟ್ಟಿಗೆ ಅದನ್ನು ಯಂತ್ರಕ್ಕೆ ಬಿಟ್ಟುಕೊಡಲಾಗಿದೆ ಎಂಬ ಪ್ರಶ್ನೆಗಳು ಆಕರಗಳ ಕ್ಷೇಮಕ್ಕೆ ಸಂಬಂಧಿಸಿದವು. ಆದುದರಿಂದ ಅವು ಚರಿತ್ರಕಾರನ ಪ್ರಶ್ನೆಗಳೂ ಹೌದು.

ಈ ವಿಷಯದತ್ತ ಪ್ರಕೃತ ಲೇಖಕನ ಮನಸ್ಸು ಹರಿದುದಕ್ಕೆ ಒಂದು ಸಣ್ಣ ಸಂದರ್ಭ ಕಾರಣ. ವಿದ್ಯಾರ್ಥಿದೆಸೆಯಲ್ಲಿ ನಾನು ಹೋಗುತ್ತಿದ್ದ ಒಂದು ವಾಚನಾಲಯದಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಿದ ಹಳೆಯ ಗಣಕವೊಂದಿದ್ದಿತು. ವಿದ್ಯುತ್ತು ನಿಂತು ಮರಳಿ ಬಂದಾಗ ಕೆಲವು ವೇಳೆ ಅದು ಅರ್ಧದಲ್ಲಿಯೇ ತಡೆದು, ತೆರೆಯ ಮೇಲೆ ಒಂದಾದ ಮೇಲೊಂದು ಪ್ರಶ್ನೆಯನ್ನು ಕೇಳುತ್ತಿದ್ದಿತು. ಅಲ್ಲಿನ ಸಹಾಯಕರು ಪ್ರತಿಯೊಂದಕ್ಕೂ ‘ಹೌದು’ ಎಂಬ ಅರ್ಥದ ಕೀಲಿಯನ್ನು ಒತ್ತುತ್ತಿದ್ದರು. ಹಾಗೆ ಒತ್ತಿದರೆ ಯಂತ್ರ ನಡೆಯುತ್ತದೆ ಎಂಬಷ್ಟೇ ಅವರಿಗೆ ತಿಳಿದಿದ್ದಿತು. ಕೆಲವು ಕಾಲದ ಮೇಲೆ ತಿಳಿದವರೊಬ್ಬರು ಈ ಶ್ರಮವನ್ನೂ ತಪ್ಪಿಸಿ, ಎಲ್ಲ ಪ್ರಶ್ನೆಗಳಿಗೂ ಯಂತ್ರವೇ ‘ಹೌದು’ ಎಂದುಕೊಳ್ಳುವಂತೆ ಒಂದು ಸಾಲನ್ನು ಬರೆದಿಟ್ಟರು. ಎಲ್ಲರಿಗೂ ಸಂತೋಷವಾಯಿತು. ಒಂದು ದಿನ ಶಾಸನಗಳ ಪಡಿಯಚ್ಚುಗಳ ಚಿತ್ರಗಳಿದ್ದ ಕೋಶವೇ ಕಾಣದಾಯಿತು. ಹುಡುಕಿದಾಗ ಚಿತ್ರಗಳೇನೋ ‘ಲಾಸ್ಟ್ ಅಂಡ್ ಫೌಂಡ್’ ಎಂಬ ಕೋಶದಲ್ಲಿ ದೊರೆತವು. ಆದರೆ ಊರು, ಹೋಬಳಿ, ತಾಲ್ಲೂಕುಗಳನ್ನು ಸೂಚಿಸುತ್ತಿದ್ದ ಹೆಸರುಗಳು ಅಳಿದು, ಬರಿಯ ಸಂಖ್ಯೆಗಳು ಉಳಿದಿದ್ದವು. ಯಾವ ಊರಿನ ಕಲ್ಲೆಂದು ತಿಳಿಯದ ಪಡಿಯಚ್ಚಿಗೆ ಚರಿತ್ರೆಯಲ್ಲಿ ಎಷ್ಟು ಬೆಲೆಯೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ.

ಯಂತ್ರ ಆ ಪ್ರಶ್ನೆಗಳನ್ನು ಏಕೆ ಕೇಳುತ್ತಿದ್ದಿತು, ಅವನ್ನು ಮನುಷ್ಯನಿಗಾಗಿಯೇ ಉಳಿಸಿದವರು ಯಾರು ಎಂದು ವಿಚಾರಿಸಹೊರಟಾಗ ಅರ್ಧ ಶತಮಾನಕ್ಕೂ ಮೀರಿದ ಒಂದು ಪರಂಪರೆ ಕಂಡುಬಂದಿತು. ಪುನಃಪುನಃ ಮಾಡಬೇಕಾದ ದುರಸ್ತಿಯನ್ನು ಯಂತ್ರಕ್ಕೆ ಒಪ್ಪಿಸಿದವರು ‘ಎಲ್ಲಿಯವರೆಗೆ ಒಪ್ಪಿಸಬೇಕು, ಎಲ್ಲಿ ನಿಲ್ಲಿಸಬೇಕು’ ಎಂಬುದನ್ನೂ ಜೊತೆಗೇ ಬರೆದಿಟ್ಟಿದ್ದರು. ಈ ಗಡಿಯ ಚರಿತ್ರೆಯೇ ಪ್ರಕೃತ ಲೇಖನದ ವಸ್ತು.

೨

ಒಂದೇ ಆಜ್ಞೆಗಳನ್ನು ದಿನವೂ ಬೆರಳಚ್ಚಿಸುವ ಬೇಸರವನ್ನು ಕಳೆಯಬೇಕೆಂಬ ಯತ್ನ ಯೂನಿಕ್ಸಿಗಿಂತ ಹಳೆಯದು. ಅಮೆರಿಕದ ಮೆಸಾಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ೧೯೬೧ರಲ್ಲಿ ಪ್ರದರ್ಶಿತವಾದ ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಯಲ್ಲಿ ಹಲವರು ಏಕಕಾಲದಲ್ಲಿ ಒಂದೇ ಗಣಕವನ್ನು ಬಳಸುವ ಅನುಕೂಲವಿದ್ದಿತು. ಅಲ್ಲಿ ಕೆಲಸಮಾಡುತ್ತಿದ್ದ ಫ್ರಾನ್ಸಿನ ಲೂಯಿ ಪೂಜಾಂ ಅವರು ೧೯೬೩-೬೪ರ ಸುಮಾರಿನಲ್ಲಿ ‘ರನ್‌ಕಾಮ್’ ಎಂಬುದನ್ನು ರಚಿಸಿದರು. ಒಂದು ಕಡತದಲ್ಲಿ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟರೆ ಯಂತ್ರವೇ ಅವನ್ನು ಓದಿ ಕ್ರಮವಾಗಿ ನಡೆಸುವುದು ಇದರ ಕಾರ್ಯ. ೧೯೬೫ರಲ್ಲಿ ‘ಮಲ್ಟಿಕ್ಸ್’ ಎಂಬ ಮುಂದಿನ ವ್ಯವಸ್ಥೆಗಾಗಿ ಬರೆದ ಲೇಖನದಲ್ಲಿ ಅವರು ಆಜ್ಞೆಗಳನ್ನು ಸ್ವೀಕರಿಸಿ ನಡೆಸುವ ಈ ಭಾಗಕ್ಕೆ ‘ಶೆಲ್’, ಎಂದರೆ ಚಿಪ್ಪು, ಎಂದು ಹೆಸರಿಟ್ಟರು. ಮಲ್ಟಿಕ್ಸಿನ ಮೊದಲ ಶೆಲ್ಲನ್ನು ರಚಿಸಿದವರು ಗ್ಲೆಂಡಾ ಶ್ರೋಡರ್. ವ್ಯವಸ್ಥೆಯ ಒಳತಿರುಳನ್ನು ಆವರಿಸಿಕೊಂಡು ಬಳಕೆದಾರನ ಮಾತನ್ನು ಒಳಗೆ ಮುಟ್ಟಿಸುವ ಹೊರಕವಚವಾದುದರಿಂದ ಈ ಹೆಸರು ಅನ್ವರ್ಥವಾಯಿತು. ಶೆಲ್ ಓದಿ ನಡೆಸುವ ಆಜ್ಞೆಗಳ ಪಟ್ಟಿಯನ್ನು ಇಂದು ‘ಶೆಲ್ ಸ್ಕ್ರಿಪ್ಟ್’ ಎನ್ನುತ್ತಾರೆ.

ಮಲ್ಟಿಕ್ಸಿನ ಸಹಭಾಗಿಗಳಲ್ಲಿ ಒಂದಾಗಿದ್ದ ಬೆಲ್ ಪ್ರಯೋಗಾಲಯ ೧೯೬೯ರಲ್ಲಿ ಆ ಯೋಜನೆಯಿಂದ ಹಿಂದೆ ಸರಿಯಿತು. ಅದೇ ವರ್ಷ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಯೂನಿಕ್ಸಿನ ರಚನೆಗೆ ತೊಡಗಿದರು. ರನ್‌ಕಾಮಿನ ನೆನಪು ಯೂನಿಕ್ಸಿನಲ್ಲಿ ಒಂದು ಕಡತದ ಹೆಸರಾಗಿ ಉಳಿದಿದೆ. ಯಂತ್ರ ಚಾಲೂ ಆಗುವಾಗ ಮೊದಲು ನಡೆಸಬೇಕಾದ ಆಜ್ಞೆಗಳಿರುವ ಕಡತವನ್ನು ‘ಆರ್‌ಸಿ’ ಎಂದು ಕರೆದರು. ರಾಜ್ಯ ಅಳಿದರೂ ಊರಿನ ಹೆಸರಿನಲ್ಲಿ ಅರಸನ ನೆನಪು ಉಳಿಯುವಂತೆ, ಮೂಲವ್ಯವಸ್ಥೆ ಕಣ್ಮರೆಯಾದ ಮೇಲೂ ಈ ಎರಡಕ್ಷರ ಇಂದಿನ ಲಿನಕ್ಸಿನ ಹಲವು ಕಡತಗಳ ಹೆಸರಿನಲ್ಲಿ ಕಾಣುತ್ತದೆ.

೩

ದುರಸ್ತಿಯ ಸಮಸ್ಯೆಯನ್ನು ಅರಿಯಬೇಕಾದರೆ ಡಿಸ್ಕಿನ ಮೇಲೆ ಕಡತಗಳನ್ನಿಡುವ ಕ್ರಮವನ್ನು ಸ್ವಲ್ಪಮಟ್ಟಿಗೆ ತಿಳಿಯಬೇಕು. ಯೂನಿಕ್ಸಿನಲ್ಲಿ ಪ್ರತಿಯೊಂದು ಕಡತಕ್ಕೂ ‘ಐನೋಡ್’ ಎಂಬ ಸಂಖ್ಯಾಂಕಿತವಾದ ದಾಖಲೆಯೊಂದುಂಟು. ಕಡತದ ಗಾತ್ರ, ಒಡೆಯ, ಅದರ ಅಂಶಗಳು ಡಿಸ್ಕಿನ ಯಾವ ಯಾವ ಖಂಡಗಳಲ್ಲಿವೆ ಎಂಬ ವಿವರ ಇದರಲ್ಲಿರುತ್ತದೆ. ಆದರೆ ಕಡತದ ಹೆಸರು ಇದರಲ್ಲಿರುವುದಿಲ್ಲ; ಹೆಸರಿರುವುದು ಕೋಶದಲ್ಲಿ, ಐನೋಡಿನ ಸಂಖ್ಯೆಯ ಪಕ್ಕದಲ್ಲಿ. ಇವೆರಡರ ಜೊತೆಗೆ, ಯಾರೂ ಬಳಸದೆ ಬಿಡುವಾಗಿರುವ ಖಂಡಗಳ ಪಟ್ಟಿಯೊಂದಿರುತ್ತದೆ. ಒಂದೇ ಸಂಗತಿಯನ್ನು ದಿನವಹಿಯಲ್ಲಿಯೂ ಖಾತೆವಹಿಯಲ್ಲಿಯೂ ಬರೆಯುವ ಅಂಗಡಿಯ ಲೆಕ್ಕದಂತೆ ಇವು ಪರಸ್ಪರ ಹೊಂದಿಕೊಂಡಿರಬೇಕು. ವೇಗಕ್ಕಾಗಿ ಯಂತ್ರ ಈ ಬರಹಗಳನ್ನು ಕೆಲವು ಕಾಲ ಸ್ಮೃತಿಯಲ್ಲಿಟ್ಟುಕೊಂಡು ಅನಂತರ ಡಿಸ್ಕಿಗೆ ಇಳಿಸುತ್ತದೆ. ನಡುವೆ ವಿದ್ಯುತ್ತು ನಿಂತರೆ ಒಂದು ವಹಿಯಲ್ಲಿ ಬರೆದದ್ದು ಇನ್ನೊಂದರಲ್ಲಿ ಇರುವುದಿಲ್ಲ.

೧೯೭೯ರಲ್ಲಿ ಹೊರಬಂದ ಯೂನಿಕ್ಸಿನ ಏಳನೆಯ ಆವೃತ್ತಿಯ ಕೈಪಿಡಿಯಲ್ಲಿ ಈ ವಹಿಗಳನ್ನು ತಾಳೆ ನೋಡುವ ಉಪಕರಣಗಳು ಬಿಡಿಬಿಡಿಯಾಗಿವೆ. ‘ಐಚೆಕ್’ ಖಂಡಗಳ ಹಂಚಿಕೆಯನ್ನು ಪರೀಕ್ಷಿಸುವುದು. ಬೇಕೆಂದರೆ ಬಿಡುವಿನ ಪಟ್ಟಿಯನ್ನು ಹೊಸದಾಗಿ ಕಟ್ಟುವುದು. ‘ಡಿಚೆಕ್’ ಐನೋಡಿನಲ್ಲಿರುವ ಲೆಕ್ಕವನ್ನು ಕೋಶಗಳಲ್ಲಿರುವ ಹೆಸರುಗಳೊಡನೆ ಹೋಲಿಸುವುದು. ‘ಎನ್‌ಚೆಕ್’ ಸಂಖ್ಯೆಯಿಂದ ಹೆಸರನ್ನು ಹುಡುಕಿಕೊಡುವುದು. ‘ಕ್ಲರ್ರಿ’ ಐನೋಡನ್ನು ಅಳಿಸಿಹಾಕುವುದು. ಯಂತ್ರ ಕುಸಿದಾಗ ನಿರ್ವಾಹಕನು ಇವುಗಳನ್ನು ಒಂದೊಂದಾಗಿ ನಡೆಸಿ, ತೆರೆಯ ಮೇಲೆ ಬಂದ ಸಂಖ್ಯೆಗಳನ್ನು ಗುರುತುಹಾಕಿಕೊಂಡು, ಯಾವುದನ್ನು ಉಳಿಸಬೇಕು ಯಾವುದನ್ನು ಅಳಿಸಬೇಕೆಂದು ತಾನೇ ನಿರ್ಧರಿಸಬೇಕಾಗಿದ್ದಿತು. ಕುಸಿತ ಪದೇ ಪದೇ ಆಗುತ್ತಿದ್ದುದರಿಂದ ಇದು ಪದೇ ಪದೇ ಮಾಡಬೇಕಾದ ಕೆಲಸ. ಮಾಡುವವನು ಬಲ್ಲವನಾಗಿರಬೇಕಾದುದರಿಂದ ಎಲ್ಲರೂ ಮಾಡಲಾಗದ ಕೆಲಸ. ಈ ಎರಡು ಗುಣಗಳ ಕೂಟದಿಂದಲೇ ದುರಸ್ತಿಯನ್ನು ಯಂತ್ರಕ್ಕೆ ಒಪ್ಪಿಸುವ ಒತ್ತಡ ಹುಟ್ಟಿತು.

೪

ಬೆಲ್ ಪ್ರಯೋಗಾಲಯದ ಟೆಡ್ ಕೊವಾಲ್‌ಸ್ಕಿ ಅವರು ೧೯೭೦ರ ದಶಕದ ಕೊನೆಯ ಭಾಗದಲ್ಲಿ ಈ ಬಿಡಿ ಉಪಕರಣಗಳ ಕೆಲಸವನ್ನು ಒಂದೆಡೆಗೆ ತಂದು ‘ಎಫ್‌ಎಸ್‌ಸಿಕೆ’ ಎಂಬ ಕಡತವ್ಯವಸ್ಥೆಯ ಪರಿಶೀಲಕವನ್ನು ರಚಿಸಿದರು. ದೋಷ ಕಂಡಾಗ ಅದು ದೋಷವನ್ನು ಹೆಸರಿಸಿ, ಸರಿಪಡಿಸಬಹುದೇ ಎಂದು ಕೇಳುತ್ತಿದ್ದಿತು. ಕೋಶದಿಂದ ಬೇರ್ಪಟ್ಟ ಅನಾಥ ಕಡತಗಳನ್ನು ‘ಲಾಸ್ಟ್ ಅಂಡ್ ಫೌಂಡ್’ ಕೋಶಕ್ಕೆ ಸೇರಿಸುವುದೂ ಇದರ ಕೆಲಸವೇ. ಹೆಸರು ಕೋಶದಲ್ಲಿದ್ದು, ಆ ಕೋಶವೇ ಅಳಿದುದರಿಂದ, ಸೇರಿಸುವಾಗ ಐನೋಡಿನ ಸಂಖ್ಯೆಯನ್ನೇ ಹೆಸರಾಗಿ ಕೊಡುವುದಲ್ಲದೆ ಅದಕ್ಕೆ ಬೇರೆ ದಾರಿಯಿಲ್ಲ. ನಮ್ಮ ಪಡಿಯಚ್ಚುಗಳ ಗತಿಗೆ ಇದೇ ಕಾರಣ.

ಮುಂದಿನ ಹೆಜ್ಜೆಯನ್ನಿಟ್ಟವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯವರು. ಅವರ ೧೯೮೩ರ ೪.೨ ಬಿ.ಎಸ್.ಡಿ. ಆವೃತ್ತಿಯ ಎಫ್‌ಎಸ್‌ಸಿಕೆಯಲ್ಲಿ, ಪ್ರಶ್ನೆ ಕೇಳದೆ ದುರಸ್ತಿಮಾಡುವ ‘ಪ್ರೀನ್’ ಎಂಬ ವಿಧಾನವುಂಟು. ಹಕ್ಕಿ ಕೊಕ್ಕಿನಿಂದ ತನ್ನ ಗರಿಗಳನ್ನು ಒಪ್ಪವಾಗಿಸಿಕೊಳ್ಳುವ ಕ್ರಿಯೆಗೆ ಇಂಗ್ಲಿಷಿನಲ್ಲಿರುವ ಮಾತು ಇದು. ಗಮನಿಸಬೇಕಾದ ಅಂಶವೆಂದರೆ ಈ ವಿಧಾನದಲ್ಲಿ ಎಲ್ಲ ದೋಷಗಳನ್ನೂ ಸರಿಪಡಿಸುವುದಿಲ್ಲ. ಬಿಡುವಿನ ಪಟ್ಟಿಯಲ್ಲಿ ಕಾಣದೆ ಹೋದ ಖಂಡಗಳು, ಬಿಡುವಿನ ಪಟ್ಟಿಯಲ್ಲಿಯೂ ಕಡತದಲ್ಲಿಯೂ ಏಕಕಾಲದಲ್ಲಿ ಸೇರಿದ ಖಂಡಗಳು, ಹೆಚ್ಚಾಗಿ ನಮೂದಾದ ಹೆಸರಿನ ಲೆಕ್ಕ, ಯಾವ ಕೋಶಕ್ಕೂ ಸೇರದ ಐನೋಡ್, ಒಟ್ಟು ಮೊತ್ತದ ತಪ್ಪು: ಈ ಐದೇ ಬಗೆಯವು ಅದರ ಅಧಿಕಾರಕ್ಕೆ ಒಳಪಟ್ಟಿವೆ. ಡಿಸ್ಕಿಗೆ ಬರೆಯುವ ಅನುಕ್ರಮವನ್ನು ಮೊದಲೇ ಎಚ್ಚರದಿಂದ ನಿಶ್ಚಯಿಸಿದ್ದುದರಿಂದ, ವಿದ್ಯುತ್ತು ನಿಂತ ಮಾತ್ರಕ್ಕೆ ಈ ಐದಲ್ಲದೆ ಬೇರೆ ದೋಷ ಉಂಟಾಗಲಾರದು ಎಂಬುದು ಇದರ ಹಿಂದಿನ ತರ್ಕ. ಬೇರೆ ಯಾವುದಾದರೂ ಕಂಡರೆ, ಉದಾಹರಣೆಗೆ ಒಂದೇ ಖಂಡವನ್ನು ಎರಡು ಕಡತಗಳು ತಮ್ಮದೆಂದು ಹೇಳಿಕೊಂಡರೆ, ಯಂತ್ರಾಂಗವೋ ತಂತ್ರಾಂಶವೋ ಕೆಟ್ಟಿದೆಯೆಂದು ಅರ್ಥ. ಆಗ ಅದು ಕೈಹಾಕದೆ ನಿಲ್ಲುತ್ತದೆ. ಕಾರಣ ತಿಳಿದ ದೋಷವನ್ನು ಯಂತ್ರ ಸರಿಪಡಿಸಲಿ, ಕಾರಣ ತಿಳಿಯದ ದೋಷವನ್ನು ಮನುಷ್ಯನಿಗೆ ಒಪ್ಪಿಸಲಿ. ಗಡಿ ಇಷ್ಟು ಸ್ಪಷ್ಟವಾಗಿ ಎಳೆಯಲ್ಪಟ್ಟಿದ್ದಿತು.

ಈ ಗಡಿಯನ್ನು ಕಾಯುತ್ತಿದ್ದುದು ಒಂದು ಶೆಲ್ ಸ್ಕ್ರಿಪ್ಟು. ಬರ್ಕ್ಲಿಯ ‘ಆರ್‌ಸಿ’ ಕಡತ ಯಂತ್ರ ತಾನಾಗಿ ಮರುಚಾಲನೆಗೊಂಡಾಗ ಎಫ್‌ಎಸ್‌ಸಿಕೆಯನ್ನು ನಡೆಸಿ, ಅದು ಹಿಂದಿರುಗಿಸುವ ಸಂಖ್ಯೆಯನ್ನು ನೋಡುತ್ತಿದ್ದಿತು. ೦ ಬಂದರೆ ಮುಂದೆ ಸಾಗುವುದು. ೪ ಬಂದರೆ, ಮೂಲಕಡತವ್ಯವಸ್ಥೆಯಲ್ಲಿಯೇ ಬದಲಾವಣೆಯಾಗಿದೆಯೆಂದು ತಿಳಿದು, ಸ್ಮೃತಿಯಲ್ಲಿದ್ದ ಹಳೆಯ ಪ್ರತಿಯನ್ನು ಡಿಸ್ಕಿಗೆ ಇಳಿಸದೆ ಕೂಡಲೇ ಮತ್ತೊಮ್ಮೆ ಚಾಲನೆಗೊಳ್ಳುವುದು. ೮ ಬಂದರೆ, ಮರುಚಾಲನೆ ವಿಫಲವಾಯಿತು, ನೆರವು ಬೇಕು ಎಂಬ ಅರ್ಥದ ಮಾತನ್ನು ಮುದ್ರಿಸಿ ನಿಲ್ಲುವುದು. ಕೊನೆಯದಾಗಿ, ಈ ಪಟ್ಟಿಯಲ್ಲಿಲ್ಲದ ಯಾವ ಸಂಖ್ಯೆ ಬಂದರೂ ಅದನ್ನು ಅಜ್ಞಾತದೋಷವೆಂದೆಣಿಸಿ ನಿಲ್ಲುವುದು. ಈ ಕೊನೆಯ ಸಾಲು ಮುಖ್ಯವಾದುದು. ತನಗೆ ತಿಳಿಯದುದೂ ಇರಬಹುದೆಂಬುದನ್ನು ಸ್ಕ್ರಿಪ್ಟನ್ನು ಬರೆದವರು ಅದರಲ್ಲಿಯೇ ಒಪ್ಪಿಕೊಂಡಿದ್ದಾರೆ.

೫

ಇಂತಹ ಕವಲುಗಳನ್ನು ಸುಲಭವಾಗಿ ಬರೆಯಲು ಸಾಧ್ಯವಾದುದು ಶೆಲ್ಲಿನ ಭಾಷೆ ಬೆಳೆದುದರಿಂದ. ಥಾಂಪ್ಸನ್ ಅವರ ೧೯೭೧ರ ಶೆಲ್ ಆಜ್ಞೆಗಳನ್ನು ನಡೆಸುವುದಕ್ಕೆ ಮಾತ್ರ ತಕ್ಕುದಾಗಿದ್ದಿತು. ‘ಹೀಗಾದರೆ’ ಎಂಬ ಷರತ್ತಿನ ಕೆಲಸವನ್ನು ಕೂಡ ಹೊರಗಿನ ಪ್ರತ್ಯೇಕ ಉಪಕರಣವೊಂದು ಮಾಡಬೇಕಾಗಿದ್ದಿತು. ಬೆಲ್ ಪ್ರಯೋಗಾಲಯದ ಜಾನ್ ಮ್ಯಾಶಿ ಅವರು ೧೯೭೦ರ ದಶಕದ ಮಧ್ಯಭಾಗದಲ್ಲಿ ಅದನ್ನು ವಿಸ್ತರಿಸಿ, ಆಜ್ಞಾಭಾಷೆಯನ್ನು ಪೂರ್ಣಪ್ರಮಾಣದ ಕ್ರಮವಿಧಿಭಾಷೆಯಾಗಿ ಬಳಸಬಹುದೆಂದು ತೋರಿಸಿದರು. ಸ್ಟೀಫನ್ ಬೋರ್ನ್ ಅವರು ರಚಿಸಿ ಏಳನೆಯ ಆವೃತ್ತಿಯೊಡನೆ ಹೊರಬಂದ ಶೆಲ್ಲಿನಲ್ಲಿ ಷರತ್ತು, ಆವರ್ತನ, ಆಯ್ಕೆ ಇವೆಲ್ಲ ಭಾಷೆಯ ಅಂಗಗಳಾದವು. ‘ಇಫ್’ ಎಂದು ತೆರೆದ ವಾಕ್ಯವನ್ನು ಅದೇ ಪದವನ್ನು ತಿರುಗಿಸಿ ‘ಫಿ’ ಎಂದು ಮುಗಿಸುವ ರೂಢಿ ಆಲ್ಗಾಲ್ ೬೮ ಭಾಷೆಯಿಂದ ಬಂದುದು.

ಬೋರ್ನ್ ಶೆಲ್ಲಿನ ಷರತ್ತುಗಳಿಗೆ ಆಧಾರ ಒಂದೇ: ಪ್ರತಿಯೊಂದು ಆಜ್ಞೆಯೂ ಮುಗಿಯುವಾಗ ಒಂದು ಸಂಖ್ಯೆಯನ್ನು ಹಿಂದಿರುಗಿಸಬೇಕು, ಸೊನ್ನೆಯಾದರೆ ಯಶಸ್ಸು, ಉಳಿದುದೆಲ್ಲ ವೈಫಲ್ಯ. ಯಾವುದಾದರೂ ಆಜ್ಞೆ ವಿಫಲವಾದರೆ ಅಲ್ಲಿಗೇ ನಿಲ್ಲು ಎಂದು ಹೇಳುವ ಸೂಚನೆಯೂ ಅದರಲ್ಲಿಯೇ ಇದ್ದಿತು. ಆದರೆ ಇಲ್ಲಿ ಒಂದು ಸಂದು ಉಳಿಯಿತು. ಡಗ್ ಮೆಕಿಲ್‌ರಾಯ್ ಅವರ ಸಲಹೆಯಂತೆ ೧೯೭೩ರಲ್ಲಿ ಯೂನಿಕ್ಸಿಗೆ ‘ಪೈಪ್’ ಸೇರಿದ್ದಿತು. ಒಂದು ಆಜ್ಞೆಯ ಫಲವನ್ನು ಇನ್ನೊಂದಕ್ಕೆ ಕೊಳವೆಯಲ್ಲಿ ನೀರು ಹರಿಸಿದಂತೆ ಹರಿಸುವುದು ಇದರ ಗುಣ. ಇಂತಹ ಸರಣಿಯಲ್ಲಿ ಕೊನೆಯ ಆಜ್ಞೆಯ ಸಂಖ್ಯೆಯೊಂದೇ ಹೊರಗೆ ತಿಳಿಯುತ್ತದೆ. ನಡುವಿನದು ಮುರಿದರೂ ಕೊನೆಯದು ಸರಿಯಾಗಿ ಮುಗಿದರೆ ಎಲ್ಲವೂ ಸುಸೂತ್ರವೆಂದೇ ವರದಿಯಾಗುತ್ತದೆ. ಇದಕ್ಕೆ ಪರಿಹಾರವಾದ ‘ಪೈಪ್‌ಫೇಲ್’ ಎಂಬ ಸೂಚನೆ ಬ್ಯಾಶ್ ಶೆಲ್ಲಿಗೆ ೨೦೦೪ರಲ್ಲಿಯೂ, ‘ಪೋಸಿಕ್ಸ್’ ಎಂಬ ಸಾಮಾನ್ಯ ಮಾನಕಕ್ಕೆ ೨೦೨೪ರಲ್ಲಿಯೂ ಸೇರಿತು. ೧೯೭೩ರ ಒಂದು ಅನುಕೂಲದ ಜೊತೆಗೆ ಬಂದ ಮೌನಕ್ಕೆ ಮಾನಕದಲ್ಲಿ ಉತ್ತರ ದೊರೆಯಲು ಐವತ್ತೊಂದು ವರ್ಷ ಹಿಡಿಯಿತು.

೬

ಈ ಸಂಪ್ರದಾಯ ಲಿನಕ್ಸಿಗೆ ಬಂದ ದಾರಿ ಸುಪರಿಚಿತವಾದುದು. ರಿಚರ್ಡ್ ಸ್ಟಾಲ್ಮನ್ ಅವರು ೧೯೮೩ರಲ್ಲಿ ಘೋಷಿಸಿದ ಗ್ನೂ ಯೋಜನೆಗಾಗಿ ಬ್ರಯನ್ ಫಾಕ್ಸ್ ಅವರು ಬರೆದ ‘ಬ್ಯಾಶ್’ ಶೆಲ್ ೧೯೮೯ರಲ್ಲಿ ಹೊರಬಂದಿತು. ಬೋರ್ನ್ ಶೆಲ್ಲಿನ ಭಾಷೆಯನ್ನೇ ಅದು ಅನುಸರಿಸಿತು. ೧೯೯೧ರ ಆಗಸ್ಟ್ ೨೫ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಮ್ಮ ಹೊಸ ವ್ಯವಸ್ಥೆಯನ್ನು ಪ್ರಕಟಿಸಿದಾಗ, ಅದರ ಮೇಲೆ ಆಗಲೇ ನಡೆಯುತ್ತಿದ್ದ ಎರಡು ಉಪಕರಣಗಳಲ್ಲಿ ಬ್ಯಾಶ್ ಒಂದೆಂದು ತಿಳಿಸಿದ್ದರು. ಹೀಗಾಗಿ ಲಿನಕ್ಸಿಗೆ ಹುಟ್ಟಿನಿಂದಲೇ ಶೆಲ್ಲಿನ ಭಾಷೆ ಬಂದಿತು.

೧೯೯೩ರಲ್ಲಿ ರೆಮಿ ಕಾರ್ಡ್, ಥಿಯೊಡೋರ್ ಚೊ, ಸ್ಟೀಫನ್ ಟ್ವೀಡಿ ಅವರ ಕೆಲಸದಿಂದ ಲಿನಕ್ಸಿಗೆ ‘ಎಕ್ಸ್ಟ್ ೨’ ಎಂಬ ಕಡತವ್ಯವಸ್ಥೆ ದೊರೆಯಿತು. ಅದರ ಪರಿಶೀಲಕದಲ್ಲಿಯೂ ಬರ್ಕ್ಲಿಯ ಗಡಿಯೇ ಮುಂದುವರಿಯಿತು. ಮನುಷ್ಯನ ನೆರವಿಲ್ಲದೆ ನಿರಪಾಯವಾಗಿ ಸರಿಪಡಿಸಬಹುದಾದುದನ್ನು ಮಾತ್ರ ಅದು ತಾನಾಗಿ ಸರಿಪಡಿಸುತ್ತದೆ. ಅದರ ಮುಕ್ತಾಯದ ಸಂಖ್ಯೆಗಳೇ ಈ ನೀತಿಯನ್ನು ಹೇಳುತ್ತವೆ: ೧ ಎಂದರೆ ದೋಷವಿದ್ದಿತು, ಸರಿಯಾಯಿತು, ೨ ಎಂದರೆ ಯಂತ್ರವನ್ನು ಮರುಚಾಲನೆ ಮಾಡಬೇಕು, ೪ ಎಂದರೆ ದೋಷ ಸರಿಯಾಗದೆ ಉಳಿದಿದೆ. ಎಲ್ಲ ಪ್ರಶ್ನೆಗಳಿಗೂ ‘ಹೌದು’ ಎನ್ನಿಸುವ ವಿಧಾನವೂ ಉಂಟು. ಅದು ಬೇರೆಯಾದ, ಬೇಕೆಂದೇ ಆರಿಸಿಕೊಳ್ಳಬೇಕಾದ ವಿಧಾನ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಹಳೆಯ ಆರಂಭಿಕ ಸ್ಕ್ರಿಪ್ಟುಗಳಲ್ಲಿ ಇದಕ್ಕಾಗಿ ‘ಎಫ್‌ಎಸ್‌ಸಿಕೆಫಿಕ್ಸ್’ ಎಂಬ ಒಂದು ಪದವಿದ್ದಿತು. ಅದರ ಮುಂದೆ ‘ಇಲ್ಲ’ ಎಂದು ಬರೆದೇ ಕಳುಹಿಸುತ್ತಿದ್ದರು. ಅದನ್ನು ‘ಹೌದು’ ಎಂದು ತಿದ್ದಿದರೆ ಯಂತ್ರ ಮುಂದೆ ಯಾರನ್ನೂ ಕೇಳದು. ವಾಚನಾಲಯದ ಗಣಕದಲ್ಲಿ ನಡೆದುದು ಇಂತಹುದೇ ಒಂದು ತಿದ್ದುಪಡಿ.

ನಿಂತುಹೋದ ಸೇವೆಯನ್ನು ಮತ್ತೆ ಎಬ್ಬಿಸುವ ಕೆಲಸದಲ್ಲಿಯೂ ಇದೇ ವಿವೇಕ ಕಾಣುತ್ತದೆ. ಲಿನಕ್ಸಿನ ಹಿಂದಿನ ‘ಇನಿಟ್’, ತಾನು ನೋಡಿಕೊಳ್ಳಬೇಕಾದ ಕಾರ್ಯವೊಂದು ಎರಡು ನಿಮಿಷಗಳಲ್ಲಿ ಹತ್ತಕ್ಕಿಂತ ಹೆಚ್ಚು ಬಾರಿ ಸತ್ತು ಹುಟ್ಟಿದರೆ, ಐದು ನಿಮಿಷ ಅದನ್ನು ಮುಟ್ಟದೆ ಬಿಡುತ್ತಿದ್ದಿತು. ೨೦೧೦ರಲ್ಲಿ ಹೊರಬಂದು ಅನಂತರ ಬಹುತೇಕ ವಿತರಣೆಗಳಲ್ಲಿ ಅದರ ಸ್ಥಾನವನ್ನು ಪಡೆದ ‘ಸಿಸ್ಟಮ್‌ಡಿ’ಯಲ್ಲಿ ಪೂರ್ವನಿಶ್ಚಿತವಾದ ಮಿತಿ ಹತ್ತು ಸೆಕೆಂಡುಗಳಲ್ಲಿ ಐದು ಯತ್ನಗಳು. ಐದು ಸಲ ಎಬ್ಬಿಸಿದರೂ ಬೀಳುವವನಿಗೆ ಆರನೆಯ ಸಲ ಎಬ್ಬಿಸುವುದು ಮದ್ದಲ್ಲ, ರೋಗವನ್ನು ನೋಡಬೇಕು ಎಂಬುದು ಇದರ ತಾತ್ಪರ್ಯ.

ಕೆಲವು ದುರಸ್ತಿಗಳ ಅಗತ್ಯವೇ ಕಾಲಕ್ರಮದಲ್ಲಿ ಕಡಮೆಯಾಯಿತು. ೨೦೦೧ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿದ ‘ಎಕ್ಸ್ಟ್ ೩’ ಕಡತವ್ಯವಸ್ಥೆ, ಮಾಡಲಿರುವ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಂಡು ಅನಂತರ ನೆರವೇರಿಸುತ್ತದೆ. ವಿದ್ಯುತ್ತು ನಿಂತರೆ ದಿನಚರಿಯನ್ನು ಓದಿ ಕೆಲಸವನ್ನು ಮುಗಿಸಿದರೆ ಸಾಕು. ಇಡೀ ಡಿಸ್ಕನ್ನು ತಾಳೆ ನೋಡಬೇಕಾಗಿಲ್ಲ. ಆದರೂ ಪರಿಶೀಲಕ ಇಂದಿಗೂ ಉಳಿದಿದೆ. ಡಿಸ್ಕೇ ಸವೆದಾಗ ದಿನಚರಿ ರಕ್ಷಿಸಲಾರದು.

೭

ಶೆಲ್ ಸ್ಕ್ರಿಪ್ಟಿನ ಇನ್ನೊಂದು ಇತಿಮಿತಿಯನ್ನು ನಾರ್ವೆಯ ಆಸ್ಲೊ ವಿಶ್ವವಿದ್ಯಾಲಯದಲ್ಲಿದ್ದ ಭೌತವಿಜ್ಞಾನಿ ಮಾರ್ಕ್ ಬರ್ಜೆಸ್ ಅವರು ಗುರುತಿಸಿದರು. ಬೇರೆ ಬೇರೆ ಜಾತಿಯ ಯೂನಿಕ್ಸ್ ಗಣಕಗಳಿಗೆ ಬೇರೆ ಬೇರೆ ಸ್ಕ್ರಿಪ್ಟುಗಳನ್ನು ಬರೆದು ಕಾಪಾಡುವುದು ದುಸ್ಸಾಧ್ಯವಾದುದರಿಂದ ಅವರು ೧೯೯೩ರಲ್ಲಿ ‘ಸಿಎಫ್‌ಎಂಜಿನ್’ ಎಂಬುದನ್ನು ರಚಿಸಿದರು. ಸ್ಕ್ರಿಪ್ಟು ಹೇಳುವುದು ಹೆಜ್ಜೆಗಳನ್ನು. ಅವನ್ನು ಎರಡು ಸಲ ನಡೆಸಿದರೆ ಎರಡು ಸಲ ಕೆಲಸವಾಗುತ್ತದೆ. ಕಡತವೊಂದಕ್ಕೆ ಒಂದು ಸಾಲನ್ನು ಸೇರಿಸುವ ಸ್ಕ್ರಿಪ್ಟನ್ನು ದಿನವೂ ನಡೆಸಿದರೆ ತಿಂಗಳಿಗೆ ಮೂವತ್ತು ಸಾಲು ಸೇರುತ್ತದೆ. ಬರ್ಜೆಸ್ ಅವರ ವಿಧಾನದಲ್ಲಿ ಬರೆಯುವುದು ಹೆಜ್ಜೆಗಳನ್ನಲ್ಲ, ಯಂತ್ರ ಇರಬೇಕಾದ ಸ್ಥಿತಿಯನ್ನು. ಸ್ಥಿತಿ ಸರಿಯಾಗಿದ್ದರೆ ಏನೂ ಮಾಡದಿರುವುದು, ತಪ್ಪಿದ್ದರೆ ಅದರತ್ತ ತರುವುದು. ೧೯೯೮ರಲ್ಲಿ ಅವರು ಇದನ್ನು ಜೀವಿಗಳ ರೋಗನಿರೋಧಶಕ್ತಿಗೆ ಹೋಲಿಸಿ ಬರೆದರು. ೨೦೦೫ರ ಪಪೆಟ್, ೨೦೧೨ರ ಆನ್ಸಿಬಲ್ ಮುಂತಾದವು ಈ ಮಾರ್ಗದಲ್ಲಿ ನಡೆದವು. ಮಾಡುವ ಮುನ್ನ ‘ಮಾಡಬೇಕಾಗಿದೆಯೇ’ ಎಂದು ಕೇಳಿಕೊಳ್ಳುವ ಈ ಪಾಠ ಒಳ್ಳೆಯ ಶೆಲ್ ಸ್ಕ್ರಿಪ್ಟುಗಳಿಗೂ ಅನ್ವಯಿಸುತ್ತದೆ.

೮

ಗಡಿ ಮರೆತಾಗ ಏನಾಗುವುದೆಂಬುದಕ್ಕೆ ಈಚಿನ ಎರಡು ಪ್ರಸಂಗಗಳನ್ನು ನೋಡಬಹುದು.

೨೦೧೫ರ ಜನವರಿಯಲ್ಲಿ, ಲಿನಕ್ಸಿನಲ್ಲಿ ಆಟಗಳನ್ನು ಒದಗಿಸುವ ಒಂದು ಪ್ರಸಿದ್ಧ ತಂತ್ರಾಂಶದ ಶೆಲ್ ಸ್ಕ್ರಿಪ್ಟಿನಿಂದ ಬಳಕೆದಾರರ ಸ್ವಂತ ಕಡತಗಳು ಅಳಿದುಹೋದ ವರದಿ ಬಂದಿತು. ಆ ಸ್ಕ್ರಿಪ್ಟು ತಾನಿರುವ ಕೋಶದ ಹೆಸರನ್ನು ಲೆಕ್ಕಹಾಕಿ ಒಂದು ಚರಪದದಲ್ಲಿಟ್ಟುಕೊಂಡು, ಮರುಸ್ಥಾಪನೆಗಾಗಿ ಆ ಕೋಶದೊಳಗಿನ ಎಲ್ಲವನ್ನೂ ಅಳಿಸುವಂತೆ ಬರೆಯಲ್ಪಟ್ಟಿದ್ದಿತು. ಕೋಶವನ್ನು ಬೇರೆಡೆಗೆ ಸಾಗಿಸಿದ್ದಾಗ ಲೆಕ್ಕ ವಿಫಲವಾಗಿ ಚರಪದ ಖಾಲಿಯಾಯಿತು. ‘ಈ ಕೋಶದ ಕೆಳಗಿನ ಎಲ್ಲವೂ’ ಎಂಬ ಮಾತಿನಿಂದ ಕೋಶದ ಹೆಸರನ್ನು ತೆಗೆದರೆ ಉಳಿಯುವುದು ‘ಎಲ್ಲವೂ’ ಎಂಬುದೊಂದೇ. ಚರಪದ ಖಾಲಿಯಾಗಿದ್ದರೆ ನಿಲ್ಲು ಎಂದು ಹೇಳುವ ಸಾಧನ ಶೆಲ್ಲಿನಲ್ಲಿ ಬಹುಕಾಲದಿಂದ ಇದ್ದಿತು, ಬಳಸಿರಲಿಲ್ಲ. ಚರಿತ್ರಕಾರನಿಗೆ ಕುತೂಹಲಕರವಾದ ಸಂಗತಿಯೆಂದರೆ, ಆ ಸಾಲಿನ ಮೇಲೆ ಅದನ್ನು ಬರೆದವರು ‘ಭಯಂಕರ!’ ಎಂಬ ಅರ್ಥದ ಒಂದು ಪದವನ್ನು ಟಿಪ್ಪಣಿಯಾಗಿ ಇಟ್ಟಿದ್ದರು. ಅಪಾಯ ಅವರಿಗೆ ತಿಳಿದಿದ್ದಿತು. ತಿಳಿದುದು ಟಿಪ್ಪಣಿಯಲ್ಲಿ ನಿಂತಿತು, ಆಜ್ಞೆಗೆ ಇಳಿಯಲಿಲ್ಲ.

ಎರಡನೆಯದು ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದುದು. ಅದರ ವಿವರಗಳನ್ನು ಸಂಸ್ಥೆಯೇ ಪ್ರಕಟಿಸಿತು. ಎರಡು ಯಂತ್ರಗಳ ನಡುವಣ ಪ್ರತಿಕರಣವನ್ನು ಸರಿಪಡಿಸುವಾಗ ತಂತ್ರಜ್ಞರೊಬ್ಬರು ಒಂದರ ಬದಲು ಇನ್ನೊಂದರಲ್ಲಿ ದತ್ತಾಂಶದ ಕೋಶವನ್ನು ಅಳಿಸಿದರು. ಇದು ಕೈತಪ್ಪು. ಆದರೆ ಹಿಂದಿನ ಪ್ರತಿಗಳನ್ನು ಹುಡುಕಿದಾಗ, ನಿಯತಕಾಲದಲ್ಲಿ ತಾನಾಗಿ ನಡೆಯಬೇಕಾದ ಪ್ರತಿ ತೆಗೆಯುವ ಕೆಲಸ ಆವೃತ್ತಿಗಳು ಹೊಂದದ ಕಾರಣ ವಿಫಲವಾಗುತ್ತಲೇ ಇದ್ದಿತೆಂದು ತಿಳಿಯಿತು. ವೈಫಲ್ಯವನ್ನು ತಿಳಿಸುವ ಮಿಂಚಂಚೆಗಳನ್ನು ಯಂತ್ರ ಕಳುಹಿಸುತ್ತಲೂ ಇದ್ದಿತು. ಅವಕ್ಕೆ ತಕ್ಕ ಸಹಿಯಿಲ್ಲವೆಂದು ಸ್ವೀಕರಿಸುವ ಕಡೆಯಲ್ಲಿ ಅವು ತಿರಸ್ಕೃತವಾಗುತ್ತಿದ್ದವು. ಸುಮಾರು ಆರು ಗಂಟೆ ಮುಂಚೆ ಬೇರೆ ಕಾರಣಕ್ಕಾಗಿ ಒಬ್ಬರು ಕೈಯಿಂದ ತೆಗೆದಿದ್ದ ಪ್ರತಿಯೇ ಕೊನೆಗೆ ಉಪಯೋಗಕ್ಕೆ ಬಂದಿತು.

ಈ ಎರಡರಿಂದ ವಿದಿತವಾಗುವುದು ಇದು. ಮೊದಲ ಪ್ರಸಂಗದಲ್ಲಿ ಯಂತ್ರ ನಿಲ್ಲಬೇಕಾದೆಡೆಯಲ್ಲಿ ನಿಲ್ಲಲಿಲ್ಲ. ಎರಡನೆಯದರಲ್ಲಿ ಯಂತ್ರ ನಿಂತು ಕೂಗಿತು, ಕೇಳುವವರಿರಲಿಲ್ಲ. ಬರ್ಕ್ಲಿಯ ಆರ್‌ಸಿ ಕಡತ ನೆರವು ಬೇಕೆಂದು ಮುದ್ರಿಸಿದಾಗ ಎದುರಿಗೆ ಒಬ್ಬ ನಿರ್ವಾಹಕನಿರುವನೆಂಬ ನಂಬಿಕೆಯಿದ್ದಿತು. ದುರಸ್ತಿ ಸುಸೂತ್ರವಾಗಿ ತಾನಾಗಿ ನಡೆದಷ್ಟೂ ಆ ಮನುಷ್ಯ ಎದ್ದುಹೋಗುತ್ತಾನೆ. ಹೋಗದಿದ್ದರೂ, ವಾಚನಾಲಯದ ಸಹಾಯಕರಂತೆ, ಪ್ರಶ್ನೆಯ ಅರ್ಥವನ್ನು ತಿಳಿಯದವನಾಗುತ್ತಾನೆ. ಯಾಂತ್ರೀಕರಣದ ಯಶಸ್ಸೇ ಅದರ ಕೊನೆಯ ರಕ್ಷಣೆಯನ್ನು ಸಡಿಲಗೊಳಿಸುತ್ತದೆ.

೯

ಕೊನೆಯದಾಗಿ ಈ ಸ್ಕ್ರಿಪ್ಟುಗಳನ್ನು ಚರಿತ್ರೆಯ ಆಕರಗಳೆಂದು ಪರಿಗಣಿಸುವ ವಿಷಯವಾಗಿ ಒಂದು ಮಾತು. ೨೦೦೨ರಲ್ಲಿ ಕಾಲ್ಡೆರಾ ಸಂಸ್ಥೆ ಹಳೆಯ ಯೂನಿಕ್ಸ್ ಆವೃತ್ತಿಗಳ ಮೂಲಪಾಠವನ್ನು ಉದಾರವಾದ ಪರವಾನಗಿಯೊಡನೆ ಬಿಡುಗಡೆಮಾಡಿದ ಮೇಲೆ, ಏಳನೆಯ ಆವೃತ್ತಿಯಂತಹ ಪಠ್ಯಗಳನ್ನು ಯಾವ ವಿದ್ಯಾರ್ಥಿಯಾದರೂ ಓದಬಹುದಾಗಿದೆ. ದುರಸ್ತಿಯ ಸ್ಕ್ರಿಪ್ಟಿನ ಪ್ರತಿಯೊಂದು ಷರತ್ತಿನ ಹಿಂದೆಯೂ ಸಾಮಾನ್ಯವಾಗಿ ಒಂದು ಅನುಭವವಿರುತ್ತದೆ. ಎಂದೋ ಕೆಟ್ಟದ್ದು, ಯಾರೋ ಕಲಿತದ್ದು ಅಲ್ಲಿ ಒಂದು ಸಾಲಾಗಿ ಹೆಪ್ಪುಗಟ್ಟಿರುತ್ತದೆ. ಶಾಸನದ ಕೊನೆಯಲ್ಲಿ ದತ್ತಿಯನ್ನು ಅಳುಪಿದವರಿಗೆ ಬರೆದ ಶಾಪವಾಕ್ಯವನ್ನು ಓದಿ ದತ್ತಿಗಳು ಅಪಹಾರಕ್ಕೆ ಒಳಗಾಗುತ್ತಿದ್ದವೆಂದು ನಾವು ಊಹಿಸುವಂತೆ, ‘ಇಲ್ಲಿ ನಿಲ್ಲು’ ಎಂಬ ಸಾಲನ್ನು ಓದಿ ಅಲ್ಲಿ ನಿಲ್ಲದವರಿಗೆ ಏನಾಗಿದ್ದಿರಬೇಕೆಂದು ಊಹಿಸಬಹುದು. ಆ ಸಾಲನ್ನು ನಿಷ್ಪ್ರಯೋಜಕವೆಂದು ತೆಗೆದುಹಾಕುವವರು ಅದರ ಹಿಂದಿನ ಅನುಭವವನ್ನೂ ತೆಗೆದುಹಾಕುತ್ತಾರೆ.

ವಾಚನಾಲಯದ ಆ ಚಿತ್ರಗಳಲ್ಲಿ ಕೆಲವನ್ನು, ಪ್ರಕಟಿತ ಶಾಸನಪಾಠಗಳೊಡನೆ ಹೋಲಿಸಿ, ಹಿರಿಯರೊಬ್ಬರು ಗುರುತಿಸಿ ಮತ್ತೆ ಹೆಸರಿಟ್ಟರು. ಎಲ್ಲವನ್ನೂ ಗುರುತಿಸಲಾಗಲಿಲ್ಲ. ಪ್ರತಿದಿನದ ದುರಸ್ತಿಯನ್ನು ಯಂತ್ರಕ್ಕೆ ಒಪ್ಪಿಸಿದವರ ಉಪಕಾರವನ್ನು ಇದರಿಂದ ಅಲ್ಲಗಳೆಯುವಂತಿಲ್ಲ. ಅವರಿಲ್ಲದಿದ್ದರೆ ಇಂದು ಗಣಕಗಳನ್ನು ನಡೆಸುವುದೇ ಸಾಧ್ಯವಿರಲಿಲ್ಲ. ಆದರೆ ಯಂತ್ರ ತಡೆದು ಕೇಳುವ ಪ್ರಶ್ನೆ ಅದರ ಕೊರತೆಯಲ್ಲ. ಅದನ್ನು ರಚಿಸಿದವರು ನಮ್ಮ ವಿವೇಚನೆಗಾಗಿಯೇ ಉಳಿಸಿದ ಭಾಗ ಅದು. ಉತ್ತರಿಸುವ ಮುನ್ನ ಅದನ್ನು ಓದುವ ಹೊಣೆ, ಆಕರಗಳನ್ನು ಕಾಪಾಡಬೇಕಾದ ನಮ್ಮ ಮೇಲಿದೆ.